ಗಂಧದ ಸಸಿ ಬೇಕಾ? ಮರದ ಕೆಳಗಲ್ಲ, ಬೇಲಿ ಬುಡದಲ್ಲಿ ಹುಡುಕಿ

ತಾನಾಗಿ ಹುಟ್ಟಿದ ಶ್ರೀಗಂಧದ ಸಸಿ ಹುಡುಕುವವರು ಸಾಮಾನ್ಯವಾಗಿ ದೊಡ್ಡ ಗಂಧದ ಮರದ ಕೆಳಗೇ ಬಗ್ಗಿ ನೋಡುತ್ತಾರೆ. ಮಳೆಗಾಲದಲ್ಲಿ ಅಲ್ಲಿ ಮೊಳಕೆ ಸಿಗುವುದು ನಿಜ. ಆದರೆ ಬೇಸಿಗೆ ದಾಟಿ ಗಟ್ಟಿಯಾಗಿ ನಿಂತ ಸಸಿ ಬೇಕೆಂದರೆ ಮೈಸೂರು, ಹಾಸನ, ತುಮಕೂರು ಕಡೆಯ ಹೊಲದ ಬದುಗಳಿಗೆ ಹೋಗಿ, ಕಳ್ಳಿ ಬೇಲಿ, ಕಾರೆ ಪೊದೆ, ಲಂಟಾನದ ಒಳಗೆ ಕಣ್ಣು ಹಾಯಿಸಿ.

ಮೊದಲು ನೆಲ ನೋಡಬೇಡಿ, ಮೇಲೆ ನೋಡಿ. ಗಂಧದ ಹಣ್ಣು ಮಾಗಿದಾಗ ಕಪ್ಪು ನೇರಳೆ ಬಣ್ಣಕ್ಕೆ ಬರುತ್ತದೆ, ತುದಿಯಲ್ಲಿ ಸಣ್ಣ ಉಂಗುರದ ಗುರುತಿರುತ್ತದೆ, ಒಳಗೆ ಒಂದೇ ಗಟ್ಟಿ ಬೀಜ. ಕೋಗಿಲೆ, ಪಿಕಳಾರದಂಥ ಹಕ್ಕಿಗಳು ಇದನ್ನು ನುಂಗಿ, ತಿರುಳು ಅರಗಿಸಿಕೊಂಡು, ಬೀಜವನ್ನು ತಾವು ಕೂತಲ್ಲೇ ಬಿಡುತ್ತವೆ. ಕೂರುವುದೆಲ್ಲಿ? ಬೇಲಿ ಗೂಟ, ತಂತಿ, ಬದುವಿನ ಹೊಂಗೆ ಕೊಂಬೆ. ಅದರ ಕೆಳಗೆ ಬೇವು, ಲಂಟಾನ, ಗಂಧ ಮೂರೂ ಒತ್ತೊತ್ತಾಗಿ ಎದ್ದಿದ್ದರೆ ಅನುಮಾನವೇ ಬೇಡ, ಅದು ಹಕ್ಕಿ ಕೂರುವ ಜಾಗ.

ಎಲೆ ಎದುರುಬದುರು ಜೋಡಿಯಾಗಿದ್ದು ಕೆಳಭಾಗ ಸ್ವಲ್ಪ ಪೇಲವವಾಗಿದ್ದರೆ ಗಂಧ ಇರಬಹುದು. ಆದರೆ ಅದು ಬೀಜದಿಂದಲೇ ಬಂದಿದ್ದಾ? ಗಂಧದ ಬೇರಿಗೆ ನೇಗಿಲು ತಗುಲಿ ಗಾಯವಾದರೆ ಅಲ್ಲಿಂದಲೂ ಚಿಗುರು ಏಳುತ್ತದೆ. ಬುಡದ ಮಣ್ಣನ್ನು ಬೆರಳಲ್ಲಿ ಮೆಲ್ಲಗೆ ಸರಿಸಿ. ಅಡ್ಡಕ್ಕೆ ಹೋಗುವ ದಪ್ಪ ಬೇರಿನ ಮೇಲೆ ನಿಂತಿದ್ದರೆ ಬೇರಿನ ಚಿಗುರು. ಅದನ್ನು ಲೆಕ್ಕಕ್ಕೆ ಸೇರಿಸಿಕೊಂಡರೆ ಬೀಜ ಎಲ್ಲಿಗೆ ತಲುಪಿದೆ ಎನ್ನುವ ನಿಮ್ಮ ಅಂದಾಜೇ ತಪ್ಪುತ್ತದೆ.

ಎರಡು ಸಲ ನೋಡಲೇಬೇಕು. ಮಳೆಗಾಲದಲ್ಲಿ ಕಂಡ ಸಸಿಗಳ ಪಕ್ಕ ಕಡ್ಡಿ ಊರಿ ಬನ್ನಿ, ಮತ್ತೆ ಏಪ್ರಿಲ್‌ನಲ್ಲಿ ಹೋಗಿ. ಬಟಾಬಯಲಿನಲ್ಲಿದ್ದವು ಬಹುಪಾಲು ಕಾಣುವುದಿಲ್ಲ. ಗಂಧ ಅರೆ ಪರಾವಲಂಬಿ ಗಿಡ. ಎಲೆ ಹಸಿರಾಗಿದ್ದು ಅಡುಗೆ ತಾನೇ ಮಾಡಿಕೊಂಡರೂ ನೀರು, ಖನಿಜ ಬೇಕಾದಾಗ ಪಕ್ಕದ ಗಿಡದ ಬೇರಿಗೆ ತನ್ನ ಬೇರಿನ ಹೀರುಗಂಟು ಅಂಟಿಸುತ್ತದೆ. ಮೊದಲ ಕೆಲವು ತಿಂಗಳು ಬೀಜದಲ್ಲಿದ್ದ ಆಹಾರದಲ್ಲಿ ಹೇಗೋ ನಡೆಯುತ್ತದೆ, ಆಮೇಲೆ ಆಸರೆ ಸಿಗದಿದ್ದರೆ ಸೊರಗುತ್ತದೆ. ಇದರ ಜೊತೆಗೆ ಆಡು, ದನ, ಜಿಂಕೆ ಎಲ್ಲಕ್ಕೂ ಇದರ ಎಲೆ ಇಷ್ಟ, ಬೆಂಕಿ ಬಿದ್ದರೆ ಎಳೆ ಸಸಿ ಉಳಿಯುವುದೇ ಇಲ್ಲ. ಮುಳ್ಳುಪೊದೆಯೊಳಗೆ ಬಾಯಿ ಹಾಕಲು ಆಡಿಗೂ ಕಷ್ಟ, ನೆರಳೂ ಇರುತ್ತದೆ, ಬೇರಿಗೆ ಜೊತೆಯೂ ಸಿಗುತ್ತದೆ. ಲಂಟಾನವನ್ನು ಎಲ್ಲರೂ ಬೈಯುತ್ತಾರೆ, ನಾನೂ ಬೈಯುತ್ತೇನೆ, ಆದರೆ ಎಳೆ ಗಂಧದ ವಿಷಯದಲ್ಲಿ ಅದು ಒಳ್ಳೆ ಕಾವಲುಗಾರ. ನೀರು ನಿಲ್ಲುವ ಜಾಗ ಮಾತ್ರ ಹುಡುಕಲೇಬೇಡಿ, ಅಲ್ಲಿ ಗಂಧ ಬಾಳುವುದಿಲ್ಲ.

ನಿಮ್ಮ ಜಮೀನಿನಲ್ಲಿ ಬೆಳೆಸಬೇಕಾದರೂ ಇದೇ ದಾರಿ. ಹತ್ತಿರದಲ್ಲಿ ಹಣ್ಣು ಬಿಡುವ ಗಂಧದ ಮರ ಇದ್ದರೆ ಬದುವಿನ ಪೊದೆಗಳ ಪಕ್ಕ ಅಡ್ಡಕಡ್ಡಿ ಕಟ್ಟಿದ ಗೂಟ ನಿಲ್ಲಿಸಿ, ಹಕ್ಕಿ ಬಂದು ಕೂರಲಿ. ಕಾಯುವ ತಾಳ್ಮೆ ಇಲ್ಲದಿದ್ದರೆ ನೀವೇ ಬಿತ್ತಿ. ಕಪ್ಪಾದ ಹಣ್ಣನ್ನು ನೀರಿನಲ್ಲಿ ಉಜ್ಜಿ ತಿರುಳು ತೆಗೆದು ನೆರಳಲ್ಲಿ ಒಣಗಿಸಿ. ಹೊಸ ಬೀಜ ಸುಮಾರು 2 ತಿಂಗಳು ಸುಮ್ನೆ ಮಲಗಿರುತ್ತದೆ, ಮೊಳೆಯಲಿಲ್ಲ ಅಂತ ಎಸೆಯಬೇಡಿ. ನರ್ಸರಿಯವರು ಇದಕ್ಕೇ ಜಿಬ್ಬರೆಲಿಕ್ ಆಮ್ಲದಲ್ಲಿ, ಅಂದರೆ ಮಲಗಿದ ಬೀಜವನ್ನು ಎಬ್ಬಿಸುವ ಸಸ್ಯ ಹಾರ್ಮೋನಿನಲ್ಲಿ, ನೆನೆಸುವುದು. ಮಳೆ ಹಿಡಿದ ಮೇಲೆ ಪೊದೆಯ ಅಂಚಿನಲ್ಲಿ ಗುಣಿಗೆ ಮೂರ್ನಾಲ್ಕು ಬೀಜ ಹಾಕಿ, ಮೇಲೆ ಮುಳ್ಳು ಹರಡಿ. ಇಲಿ, ಅಳಿಲುಗಳಿಗೆ ಈ ಬೀಜ ಅಂದರೆ ಪ್ರಾಣ. ಪೊದೆ ಇಲ್ಲದ ಕಡೆ ಪಕ್ಕದಲ್ಲೇ ತೊಗರಿ ಬಿತ್ತಿ, ಸ್ವಲ್ಪ ದೂರದಲ್ಲಿ ಹೊಂಗೆಯನ್ನೋ ಬೇವನ್ನೋ ನೆಡಿ. ತೊಗರಿ ಹೋಗುವಷ್ಟರಲ್ಲಿ ಅವು ಆಸರೆಗೆ ಬರುತ್ತವೆ.

ಕರ್ನಾಟಕದಲ್ಲಿ 2001ರ ಕಾನೂನು ತಿದ್ದುಪಡಿಯ ನಂತರ ಜಮೀನಿನ ಗಂಧ ಬೆಳೆದವರದ್ದೇ, ಆದರೆ ಕಡಿಯಲು ಅರಣ್ಯ ಇಲಾಖೆಯ ಅನುಮತಿ ಬೇಕು. ಕಾಡಿನ ಸಸಿಗೆ ಕೈ ಹಚ್ಚಬೇಡಿ.

ಗಿಡ ಪೊದೆಗಿಂತ ಎತ್ತರವಾದ ಮೇಲೆ ಅದಕ್ಕೆ ಬಿಸಿಲು ಜಾಸ್ತಿ ಬೇಕು. ಆಗ ಪೊದೆಯ ಮೇಲಿನ ಕೊಂಬೆಗಳನ್ನಷ್ಟೇ ಒಂದೊಂದಾಗಿ ಸವರುತ್ತಾ ಬನ್ನಿ. ಬುಡಸಮೇತ ಕೀಳಬೇಡಿ, ನೆಲದೊಳಗೆ ಗಂಧ ಹಿಡಿದುಕೊಂಡಿರುವುದು ಅದರ ಬೇರನ್ನೇ.