ಡೆನ್ಮಾರ್ಕಿನ ಸಚಿವರೊಬ್ಬರ ರಾಜಕೀಯ ಜೀವನವನ್ನು ಬರೆಯುವ ಕ್ರಮ

ಡೆನ್ಮಾರ್ಕಿನ ರಾಜಕಾರಣಿಯೊಬ್ಬರನ್ನು ಕನ್ನಡದಲ್ಲಿ ಪರಿಚಯಿಸಲು ಹೊರಟವರು ಸಾಮಾನ್ಯವಾಗಿ ಹುಟ್ಟು, ಓದು, ಗೆದ್ದ ಚುನಾವಣೆ, ಪಡೆದ ಖಾತೆ ಎಂಬ ಸಾಲನ್ನು ಹಿಡಿದು ಬರೆಯುತ್ತಾರೆ. ಯಾವ ದೇಶದ ಸಚಿವರಿಗಾದರೂ ಒಗ್ಗುವಂತೆ ಕಾಣುವ ಈ ಕ್ರಮ ಡೆನ್ಮಾರ್ಕಿನ ಮಟ್ಟಿಗೆ ಮುಖ್ಯವಾದುದನ್ನೇ ಬಿಟ್ಟುಬಿಡುತ್ತದೆ. ಅಲ್ಲಿ ಒಬ್ಬರಿಗೆ ದೊರೆಯುವ ಅಧಿಕಾರವನ್ನು ಅವರು ಗಳಿಸಿದ ಮತಗಳಿಗಿಂತ, ಅವರ ಪಕ್ಷವನ್ನು ಬಿಟ್ಟು ಸರ್ಕಾರ ರಚಿಸಲು ಸಾಧ್ಯವಿತ್ತೇ ಎಂಬ ಲೆಕ್ಕವೇ ಹೆಚ್ಚಾಗಿ ನಿರ್ಧರಿಸುತ್ತದೆ. ಆ ಲೆಕ್ಕವನ್ನು ಮುಂದಿಟ್ಟುಕೊಂಡು ಬರೆಯುವ ಬಗೆಯನ್ನು ಡೆನ್ಮಾರ್ಕಿನ ಮಾಜಿ ಸಚಿವೆ ಮಾರ್ಗ್ರೇಟ ವೆಸ್ಟೇಯರ್ ಅವರ ಉದಾಹರಣೆಯೊಂದಿಗೆ ಇಲ್ಲಿ ವಿವರಿಸಲಾಗಿದೆ.

ವ್ಯಕ್ತಿಯ ವಿವರಕ್ಕೆ ಕೈಹಾಕುವ ಮೊದಲು ಸಂಸತ್ತಿನ ರಚನೆಯನ್ನು ತಿಳಿದುಕೊಳ್ಳಬೇಕು. ಫೋಲ್ಕೆಟಿಂಗ್ ಎಂಬ ಏಕಸದನದಲ್ಲಿ 179 ಸ್ಥಾನಗಳಿದ್ದು, ಅವುಗಳಲ್ಲಿ 175 ಡೆನ್ಮಾರ್ಕಿಗೆ, ಗ್ರೀನ್‌ಲೆಂಡ್ ಮತ್ತು ಫ್ಯಾರೋ ದ್ವೀಪಗಳಿಗೆ ಎರಡೆರಡು ಸೇರುತ್ತವೆ. ಶೇ. 2ರಷ್ಟು ಮತ ಪಡೆದ ಪಕ್ಷಕ್ಕೂ ಸದನದಲ್ಲಿ ಪಾಲು ದೊರೆಯುವುದರಿಂದ ಪಕ್ಷಗಳು ಹಲವು. ಒಂಟಿಯಾಗಿ ಬಹುಮತ ಪಡೆದ ಪಕ್ಷವನ್ನು ಹುಡುಕಲು ಇಪ್ಪತ್ತನೆಯ ಶತಮಾನದ ಆರಂಭಕ್ಕೆ ಹೋಗಬೇಕಾಗುತ್ತದೆ. ಇದಕ್ಕಿಂತಲೂ ಮುಖ್ಯವಾದುದು 1953ರ ಸಂವಿಧಾನದ 15ನೆಯ ವಿಧಿ: ಸರ್ಕಾರ ವಿಶ್ವಾಸಮತ ಗೆದ್ದು ತೋರಿಸಬೇಕಾಗಿಲ್ಲ, ಬಹುಮತ ತನ್ನ ವಿರುದ್ಧ ನಿಲ್ಲದಂತೆ ನೋಡಿಕೊಂಡರೆ ಸಾಕು. ಅಲ್ಪಮತದ ಸರ್ಕಾರಗಳು ಅಲ್ಲಿ ಸಹಜವಾಗಿರುವುದು ಈ ಕಾರಣದಿಂದಲೇ.

ಬಾಲ್ಯ ಮತ್ತು ವಿದ್ಯಾಭ್ಯಾಸಕ್ಕೆ ಎರಡು ವಾಕ್ಯ ಸಾಕು. ವೆಸ್ಟೇಯರ್ 1968ರಲ್ಲಿ ಜನಿಸಿದರು, ತಂದೆತಾಯಿ ಇಬ್ಬರೂ ಲೂಥರನ್ ಪಾದ್ರಿಗಳು. ಕೋಪನ್‌ಹೇಗನ್ ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರ ಓದಿ 1993ರಲ್ಲಿ ಪದವಿ ಪಡೆದರು.

ಪಕ್ಷದ ಹುದ್ದೆಗಳ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ಅವರ ಪಕ್ಷವಾದ, ಮಧ್ಯಮಪಂಥೀಯ ಉದಾರವಾದಿ ರಾಡಿಕಾಲೆ ವೆನ್‌ಸ್ಟ್ರೆಯಲ್ಲಿ ಸಂಘಟನೆಯ ಅಧ್ಯಕ್ಷರು ಬೇರೆ, ಸಂಸತ್ತಿನಲ್ಲಿ ಮುನ್ನಡೆಸುವ ರಾಜಕೀಯ ನಾಯಕರು ಬೇರೆ. ವೆಸ್ಟೇಯರ್ 1993ರಿಂದ 1997ರವರೆಗೆ ಮೊದಲನೆಯ ಹುದ್ದೆಯಲ್ಲಿದ್ದರು. ಎರಡನೆಯದು ಅವರಿಗೆ ದೊರೆತದ್ದು 2007ರಲ್ಲಿ. ಎರಡನ್ನೂ ‘ಪಕ್ಷಾಧ್ಯಕ್ಷೆ’ ಎಂದೇ ಬರೆದರೆ ಹತ್ತು ವರ್ಷಗಳ ಅಂತರ ಓದುಗರಿಗೆ ಅರ್ಥವಾಗುವುದಿಲ್ಲ.

ಸಚಿವ ಸ್ಥಾನದ ದಿನಾಂಕಗಳನ್ನೂ ಸಂಸತ್ ಸದಸ್ಯತ್ವದ ದಿನಾಂಕಗಳನ್ನೂ ಪ್ರತ್ಯೇಕವಾಗಿ ಬರೆದುಕೊಳ್ಳಿ. ಪ್ರಧಾನಿ ಪೌಲ್ ನ್ಯೂರುಪ್ ರಾಸ್ಮುಸೆನ್ 1998ರ ಮಾರ್ಚ್‌ನಲ್ಲಿ ಶಿಕ್ಷಣ ಮತ್ತು ಚರ್ಚ್ ಖಾತೆಗಳನ್ನು ವಹಿಸಿದಾಗ ವೆಸ್ಟೇಯರ್ ಅವರಿಗೆ 29 ವರ್ಷ, ಮತ್ತು ಅವರು ಸದನದ ಸದಸ್ಯರಾಗಿರಲಿಲ್ಲ. ಸಚಿವರು ಸದಸ್ಯರಾಗಿರಬೇಕೆಂಬ ಅಥವಾ ಇಂತಿಷ್ಟು ಕಾಲದೊಳಗೆ ಸದಸ್ಯರಾಗಬೇಕೆಂಬ ನಿಯಮ ಅಲ್ಲಿಲ್ಲ. ಅವರು ಸಂಸತ್ತಿಗೆ ಆಯ್ಕೆಯಾದದ್ದು 2001ರ ನವೆಂಬರ್ ಚುನಾವಣೆಯಲ್ಲಿ. ಅದೇ ಚುನಾವಣೆಯಲ್ಲಿ ಸರ್ಕಾರ ಸೋತು ಅವರ ಸಚಿವ ಸ್ಥಾನ ಹೋಯಿತು.

ಲೇಖನದ ಹೆಚ್ಚು ಪುಟಗಳನ್ನು 2011ಕ್ಕೆ ಮೀಸಲಿಡಬೇಕೆಂಬುದು ನನ್ನ ಅಭಿಪ್ರಾಯ. 2007ರ ಚುನಾವಣೆಯಲ್ಲಿ 17ರಿಂದ 9 ಸ್ಥಾನಕ್ಕೆ ಕುಸಿದಿದ್ದ ಪಕ್ಷ 2011ರಲ್ಲಿ ಮತ್ತೆ 17ಕ್ಕೆ ಏರಿತು. ಹೆಲ್ಲೆ ತೋರ್ನಿಂಗ್-ಸ್ಮಿತ್ ನೇತೃತ್ವದ ಸಮ್ಮಿಶ್ರ ಸರ್ಕಾರದಲ್ಲಿ ಸೋಷಿಯಲ್ ಡೆಮಾಕ್ರಾಟರು 44, ಸೋಷಿಯಲಿಸ್ಟ್ ಪೀಪಲ್ಸ್ ಪಾರ್ಟಿಯವರು 16; ವೆಸ್ಟೇಯರ್ ಪಕ್ಷದ 17 ಸೇರಿ ಮೂರಕ್ಕೂ 77 ಮಾತ್ರ, ಬಹುಮತಕ್ಕೆ 90 ಬೇಕು. ಆದರೂ ಅವಧಿಪೂರ್ವ ನಿವೃತ್ತಿ ಸೌಲಭ್ಯವನ್ನು ಮೊಟಕುಗೊಳಿಸುವ ಸುಧಾರಣೆಯನ್ನು ಈ ಸರ್ಕಾರ ಒಪ್ಪಿಕೊಂಡಿತು. ಚುನಾವಣೆಗೆ ಮುನ್ನ ಹಿಂದಿನ ಬಲಪಂಥೀಯ ಸರ್ಕಾರದೊಂದಿಗೆ ಈ ವಿಷಯದಲ್ಲಿ ಒಪ್ಪಂದ ಮಾಡಿಕೊಂಡಿದ್ದವರು ವೆಸ್ಟೇಯರ್. ಅದನ್ನು ವಿರೋಧಿಸಿದ್ದವರು ಈಗ ಅವರ ಜೊತೆಗಾರರಾಗಿದ್ದ ಎರಡೂ ಪಕ್ಷಗಳು. ಸದನದ ಹತ್ತನೆಯ ಒಂದು ಭಾಗವೂ ಇಲ್ಲದ ಪಕ್ಷ ಪ್ರಧಾನಿಯ ಪಕ್ಷದ ಆರ್ಥಿಕ ನೀತಿಯನ್ನು ತಿದ್ದಿದ್ದು ಹೇಗೆಂಬುದನ್ನು ವಿವರಿಸದ ಲೇಖನದಲ್ಲಿ ಅವರ ಖಾತೆಗಳ ಪಟ್ಟಿ ಎಷ್ಟು ಉದ್ದವಿದ್ದರೂ ಪ್ರಯೋಜನವಿಲ್ಲ.

ಖಾತೆಯ ಹೆಸರನ್ನು ಮಾತ್ರ ನಂಬಿ ಕೆಲಸವನ್ನು ಊಹಿಸಬಾರದು. ಡೆನ್ಮಾರ್ಕಿನಲ್ಲಿ ಖಾತೆಗಳನ್ನು ಒಡೆಯಲು, ಕೂಡಿಸಲು ಸಂಸತ್ತಿನ ಕಾಯ್ದೆ ಬೇಕಾಗಿಲ್ಲ. ರಾಜಾಜ್ಞೆಯ ಮೂಲಕ ಪ್ರಧಾನಿ ಅದನ್ನು ಮಾಡಿಸುತ್ತಾರೆ. 2011ರ ಅಕ್ಟೋಬರ್‌ನಲ್ಲಿ ವೆಸ್ಟೇಯರ್ ಅವರಿಗೆ ಬಂದದ್ದು ಆರ್ಥಿಕ ವ್ಯವಹಾರ ಮತ್ತು ಒಳಾಡಳಿತ ಖಾತೆ. ಬಜೆಟ್ಟಿನ ಹೊಣೆ ಹಣಕಾಸು ಸಚಿವ ಬ್ಯಾರ್ನೆ ಕೋರಿಡೋನ್ ಅವರದಾಗಿತ್ತು, ಆದ್ದರಿಂದ ವೆಸ್ಟೇಯರ್ ಅವರನ್ನು ವಿತ್ತ ಸಚಿವೆ ಎಂದು ಕರೆಯುವುದು ತಪ್ಪಾಗುತ್ತದೆ. ಹೀಗಿದ್ದರೂ 2012ರ ಮೊದಲಾರ್ಧದಲ್ಲಿ ಡೆನ್ಮಾರ್ಕ್ ಯುರೋಪಿಯನ್ ಒಕ್ಕೂಟದ ಅಧ್ಯಕ್ಷತೆ ವಹಿಸಿದಾಗ ಸದಸ್ಯ ದೇಶಗಳ ಹಣಕಾಸು ಸಚಿವರ ಮಂಡಳಿಯನ್ನು ನಡೆಸಿದವರು ಅವರೇ, ಮತ್ತು ಬ್ರಸೆಲ್ಸ್‌ನಲ್ಲಿ ಅವರ ಹೆಸರು ಪರಿಚಿತವಾಗಲು ಇದು ನೆರವಾಯಿತು.

2014ರ ನವೆಂಬರ್‌ನಿಂದ 2024ರ ನವೆಂಬರ್‌ವರೆಗೆ ಅವರು ಒಕ್ಕೂಟದ ಕಾರ್ಯಾಂಗವಾದ ಯುರೋಪಿಯನ್ ಆಯೋಗದಲ್ಲಿ ಸ್ಪರ್ಧಾ ನೀತಿಯ, ಅಂದರೆ ಮಾರುಕಟ್ಟೆಯಲ್ಲಿ ಕಂಪನಿಗಳ ಪೈಪೋಟಿ ನ್ಯಾಯವಾಗಿರುವಂತೆ ನೋಡಿಕೊಳ್ಳುವ, ಆಯುಕ್ತೆಯಾಗಿದ್ದರು. ಈ ಭಾಗದಲ್ಲಿ ಬರಹಗಾರರು ಕಂಪನಿಗಳ ವಿರುದ್ಧದ ಆದೇಶಗಳಲ್ಲಿನ ದೊಡ್ಡ ಮೊತ್ತಗಳಿಗೆ ಬೆರಗಾಗಿ ಅಲ್ಲಿಗೇ ನಿಲ್ಲುವುದುಂಟು. ಪ್ರತಿ ಆದೇಶದ ಜೊತೆಗೆ ನ್ಯಾಯಾಲಯದಲ್ಲಿ ಅದಕ್ಕೆ ಏನಾಯಿತೆಂಬುದನ್ನೂ ಬರೆಯಬೇಕು. ಆ್ಯಪಲ್ ಕಂಪನಿಯಿಂದ 13 ಶತಕೋಟಿ ಯೂರೋ ವಸೂಲು ಮಾಡಬೇಕೆಂದು 2016ರಲ್ಲಿ ಹೊರಟ ಆದೇಶ ದಂಡವಲ್ಲ, ಐರ್ಲೆಂಡಿಗೆ ಸಲ್ಲಬೇಕಾದ ತೆರಿಗೆ ಬಾಕಿ. ಅದನ್ನು 2020ರಲ್ಲಿ ಒಕ್ಕೂಟದ ಕೆಳಹಂತದ ನ್ಯಾಯಾಲಯ ರದ್ದುಗೊಳಿಸಿತು; 2024ರ ಸೆಪ್ಟೆಂಬರ್ 10ರಂದು ಯುರೋಪಿಯನ್ ಒಕ್ಕೂಟದ ಅತ್ಯುನ್ನತ ನ್ಯಾಯಾಲಯ ಆಯೋಗದ ನಿಲುವನ್ನೇ ಎತ್ತಿಹಿಡಿಯಿತು. ಗೂಗಲ್‌ಗೆ 2017ರಲ್ಲಿ ವಿಧಿಸಿದ್ದ 2.42 ಶತಕೋಟಿ ಯೂರೋ ದಂಡವೂ ಅದೇ ದಿನ ಸ್ಥಿರವಾಯಿತು, ಆದರೆ ಅದೇ ಕಂಪನಿಯ ಜಾಹೀರಾತು ಸೇವೆಯ ಮೇಲೆ 2019ರಲ್ಲಿ ಹಾಕಿದ್ದ 1.49 ಶತಕೋಟಿ ಯೂರೋ ದಂಡವನ್ನು ಕೆಲವೇ ದಿನಗಳ ಅಂತರದಲ್ಲಿ ಕೆಳಹಂತದ ನ್ಯಾಯಾಲಯ ರದ್ದುಪಡಿಸಿತು. ಮೊದಲೆರಡನ್ನು ಮಾತ್ರ ಬರೆದರೆ ಅದು ಪ್ರಶಂಸೆಯಾಗುತ್ತದೆ. ಮೂರನೆಯದಕ್ಕೂ ಅದೇ ಪುಟದಲ್ಲಿ ಜಾಗ ಕೊಡಿ.