ಅಡಿಕೆ ಹೋಳಿನ ಹಲಗೆ, ಎರಡು ಕಿಸೆ ಕ್ಯಾಮೆರಾ

"ಎರಡೂ ಒಂದೇ ಮಾರಾಯಾ, ಒಂದು ಇಟ್ಕೊಂಡು ಇನ್ನೊಂದು ಮಾರಿಬಿಡು." ಶಿರಸಿಯಲ್ಲಿ ಫೋಟೊ ತೆಗೆಯುವ ನಮ್ಮ ಬಳಗದವರೆಲ್ಲ ಹೇಳಿದ್ದು ಇದನ್ನೇ. ಯಾವುದನ್ನು ಮಾರಬೇಕು ಅಂತ ಮಾತ್ರ ಒಬ್ಬರೂ ಹೇಳಲಿಲ್ಲ.

ಒಂದು ಸೋನಿ ಆರ್‌ಎಕ್ಸ್100 ಮಾರ್ಕ್ 3, ಇನ್ನೊಂದು ಕ್ಯಾನನ್ ಜಿ7 ಎಕ್ಸ್ ಮಾರ್ಕ್ 2. ಎರಡೂ ಸೆಕೆಂಡ್ ಹ್ಯಾಂಡ್. ಸೋನಿಗೆ 27 ಸಾವಿರದ ಹತ್ತಿರ ಕೊಟ್ಟಿದ್ದೆ, ಕ್ಯಾನನ್‌ಗೆ 25 ಇರಬೇಕು. ಎರಡರದ್ದೂ 1 ಇಂಚಿನ ಸೆನ್ಸರ್, 20 ಮೆಗಾಪಿಕ್ಸೆಲ್, ಲೆನ್ಸಿನ ಬಾಯಿ ಎಫ್ 1.8ರಿಂದ 2.8 (ಅಂಕಿ ಸಣ್ಣದಾದಷ್ಟು ಬಾಯಿ ದೊಡ್ಡದು). ಝೂಮ್ ಮಾತ್ರ ಬೇರೆ: ಸೋನಿ 24–70 ಎಂಎಂ, ಕ್ಯಾನನ್ 24–100 (ಅಂಕಿ ದೊಡ್ಡದಾದಷ್ಟು ದೂರದ್ದು ಹತ್ತಿರ). ಅಡಿಕೆ ಮಾರಿದ ದುಡ್ಡಿನಲ್ಲಿ ತಗೊಂಡದ್ದು, ಎರಡನ್ನೂ ಇಟ್ಟುಕೊಳ್ಳುವ ಹಾಗಿರಲಿಲ್ಲ. ನನಗೆ ಬೇಕಾದದ್ದು ಎರಡೇ ಕೆಲಸ. ರಾತ್ರಿ ಯಕ್ಷಗಾನ, ಹಗಲು ಜಲಪಾತ, ಬೆಟ್ಟ.

ಮೊದಲ ಸಲ ಅಂಗಳದಲ್ಲಿ ನಿಂತು ಕೈಯಲ್ಲೇ ಹಿಡಿದು ತೆಗೆದೆ. ಕ್ಯಾನನ್ ಗೆದ್ದಿತು. ಮರುದಿನ ಮತ್ತೆ ತೆಗೆದರೆ ಸೋನಿ ಗೆದ್ದಿತು. ಶಟರ್ 1/15 ಸೆಕೆಂಡ್ ತೆರೆದಿರುತ್ತಿತ್ತು, ನಾನು ಅಳೆದದ್ದು ನನ್ನ ಕೈ ನಡುಕವನ್ನು. ಆಮೇಲೆ ಟ್ರೈಪಾಡ್ ಹಾಕಿದೆ, ಆದರೆ ಎಕ್ಸ್‌ಪೋಶರ್ (ಎಷ್ಟು ಬೆಳಕು ಅನ್ನುವ ಲೆಕ್ಕ) ಆಟೋದಲ್ಲೇ ಬಿಟ್ಟೆ. ಕ್ಯಾನನ್ ಸ್ವಲ್ಪ ಬೆಳ್ಳಗೆ ತೆಗೆಯಿತು. ತೋರಿಸಿದವರೆಲ್ಲ ಅದೇ ಚೆನ್ನಾಗಿದೆ ಅಂದರು. ಬೆಳ್ಳಗಿದ್ದದ್ದು ಯಾರಿಗೂ ಚಂದವೇ, ಅದು ಕ್ಯಾಮೆರಾದ ಗುಣ ಅಲ್ಲ. ಎರಡರಲ್ಲೂ ಐಎಸ್ಒ (ಬೆಳಕಿಗೆ ಸಂವೇದನೆ), ಅಪರ್ಚರ್ (ಲೆನ್ಸಿನ ಬಾಯಿ), ಶಟರ್ ಒಂದೇ ಇಟ್ಟರೂ ಬೆಳಕು ಒಂದೇ ಬರುತ್ತದೆ ಅಂತ ನಂಬಬೇಡಿ. ಹಿಸ್ಟೋಗ್ರಾಂ (ಬೆಳಕು ಕತ್ತಲೆಯ ನಕ್ಷೆ) ನೋಡಿ, ಶಟರ್ ಒಂದು ಕ್ಲಿಕ್ ಹಿಂದೆ ಮುಂದೆ ಮಾಡಿ ಸರಿಹೊಂದಿಸಬೇಕು.

ಮೂರನೇ ಸಲ ಗೋಡೆಗೆ ಪೇಪರ್ ಅಂಟಿಸಿದೆ. ಮಳೆಗಾಲದ ಥಂಡಿಗೆ ಪೇಪರ್ ಉಬ್ಬಿ ಅಂಚು ಗೋಡೆ ಬಿಟ್ಟು ಎದ್ದಿತು, ಮೂಲೆಗಳ ಲೆಕ್ಕವೆಲ್ಲ ತಪ್ಪು. ಆಗ ತಲೆಗೆ ಬಂದದ್ದು ಅಡಿಕೆ.

ಚಾಲಿ (ಬಿಸಿಲಿಗೆ ಒಣಗಿಸಿ ಸುಲಿದ) ಅಡಿಕೆಯನ್ನು ಅಡಕತ್ತರಿಯಲ್ಲಿ ನಡುವೆ ಕತ್ತರಿಸಿ ನೋಡಿ. ಬೆಳ್ಳಗಿನ ತಿರುಳು, ಅಂಚಿನಿಂದ ಒಳಗೆ ಬೇರಿನ ಹಾಗೆ ಇಳಿದ ಕಂದು ಗೆರೆಗಳು, ಕೆಲವು ಕೂದಲಿಗಿಂತ ತೆಳು. ಲೆನ್ಸ್ ಮಂಕಾದರೆ ಮೊದಲು ಸಾಯುವುದು ಆ ತೆಳು ಗೆರೆ. ಜೆಪೆಗ್‌ನಲ್ಲಿ (ಕ್ಯಾಮೆರಾವೇ ತಿದ್ದಿ ಕೊಡುವ ಚಿತ್ರ) ನಾಯ್ಸ್ ಅಂದರೆ ಕಾಳುಕಾಳು ಚುಕ್ಕೆ ಒರೆಸಲು ಹೋಗಿ ಕ್ಯಾಮೆರಾ ವಿವರವನ್ನೂ ಒರೆಸಿದರೆ ಅದೂ ಅಲ್ಲೇ ಗೊತ್ತಾಗುತ್ತದೆ. ಮೂರು ಅಡಿ ಅಗಲ, ಎರಡು ಅಡಿ ಎತ್ತರದ ಪ್ಲೈವುಡ್ ಹಲಗೆಯ ನಾಲ್ಕು ಮೂಲೆ, ನಡು ಮತ್ತು ಅಂಚಿನಲ್ಲಿ ಒಟ್ಟು 30-35 ಹೋಳು ಕೂರಿಸಿದೆ. ಹೋಳು ಆರು ತಿಂಗಳಾದರೂ ಹುಳ ಹಿಡಿಯದ ಹಾಗೆ ಏನು ಸವರಿದ್ದೇನೆ ಅನ್ನುವುದು ನನ್ನಲ್ಲೇ ಇರಲಿ. "ಎಂತ ಮಾರಾಯಾ, ಅಡಿಕೆ ನೋಡಿ ಲೆನ್ಸ್ ಪರೀಕ್ಷೆ ಮಾಡ್ತ್ಯಾ?" ಅಂತ ನಕ್ಕವರು ತುಂಬಾ ಜನ.

ಕ್ಯಾಮೆರಾ ಹಲಗೆಗೆ ನೇರ ಇರಬೇಕಲ್ವಾ? ಹಲಗೆಯ ನಡುವೆ ಸಣ್ಣ ಕನ್ನಡಿ ಒತ್ತಿ ಹಿಡಿದು, ಸ್ಕ್ರೀನಿನ ನಡುಮಧ್ಯ ಲೆನ್ಸಿನದೇ ಬಿಂಬ ಕಾಣುವವರೆಗೆ ಟ್ರೈಪಾಡ್ ಸರಿಸಿದೆ. ಒಂದು ಮೂಲೆ ಮಂಕು ಕಂಡರೆ ಕ್ಯಾಮೆರಾ ತಲೆಕೆಳಗೆ ಮಾಡಿ ಇನ್ನೊಂದು ಚಿತ್ರ. ಫೋಟೊದ ಅದೇ ಮೂಲೆ ಮತ್ತೆ ಮಂಕಾದರೆ ಲೆನ್ಸಿನ ದೋಷ, ಹಲಗೆಯ ಅದೇ ಹೋಳು ಮಂಕಾದರೆ ನಿಲ್ಲಿಸಿದ್ದರಲ್ಲಿ ದೋಷ.

ಇಷ್ಟು ಮಾಡಿದ ಮೇಲೆ ಕ್ಯಾನನ್ ಚಿತ್ರ ಎಲ್ಲ ಕಡೆ ಹಾಲು ಬೆರೆಸಿದ ಹಾಗೆ ಕಂಡಿತು. ಅದರ ಬಣ್ಣವೇ ಹೀಗೆ ಅಂತ ಒಂದು ತಿಂಗಳು ನಂಬಿದ್ದೆ. ಒಂದು ದಿನ ರಾತ್ರಿ ಟಾರ್ಚ್ ಓರೆಯಾಗಿ ಬಿಟ್ಟು ನೋಡಿದರೆ ಒಳಗೆ ಜೇಡನ ಬಲೆಯಂಥ ಫಂಗಸ್. ತಪ್ಪು ನನ್ನದೇ. ಥಂಡಿ ಹೀರಲಿ ಅಂತ ಜೂನ್‌ನಿಂದ ಅದನ್ನು ಅಕ್ಕಿ ಡಬ್ಬಿಯಲ್ಲಿ ಇಟ್ಟಿದ್ದೆ. ಅಕ್ಕಿ ಥಂಡಿ ಹೀರುವುದು ಅಷ್ಟಕ್ಕಷ್ಟೆ, ಮೇಲಿಂದ ಝೂಮ್ ಹೊರಗೆ ಬಂದು ಒಳಗೆ ಹೋಗುವಾಗ ಹಿಟ್ಟಿನ ಧೂಳನ್ನು ಎಳೆದುಕೊಳ್ಳುತ್ತದೆ. ಈಗ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಅರ್ಧ ಕಿಲೊ ಸಿಲಿಕಾ ಜೆಲ್, ಬಣ್ಣ ಬದಲಾದ ಕೂಡಲೇ ಬಾಣಲೆಯಲ್ಲಿ ಹುರಿದು ಮತ್ತೆ ಒಳಗೆ.

ಹುಬ್ಬಳ್ಳಿಯ ಒಂದು ಅಂಗಡಿಗೆ ಕೊಟ್ಟು ಸ್ವಚ್ಛ ಮಾಡಿಸಿದೆ, 3,500 ಹೋಯಿತು. ಮಂಕು ಹೋಯಿತು, ಆದರೆ ಹಲಗೆಗೆ ಹಿಡಿದರೆ ಎಡಬದಿಯ ಹೋಳೆಲ್ಲ ಕಲಸಿದ ಹಾಗೆ. ಬಿಚ್ಚಿ ಜೋಡಿಸುವಾಗ ಲೆನ್ಸ್ ಓರೆ ಕೂತಿತ್ತು. ಅಂಗಡಿಯವರು ಒಪ್ಪಲಿಲ್ಲ. ನೇರ ಮತ್ತು ತಲೆಕೆಳಗಿನ ಎರಡೂ ಚಿತ್ರ ಅವರ ಕಂಪ್ಯೂಟರಿನಲ್ಲೇ ತೆರೆದು ತೋರಿಸಿದ ಮೇಲೆ ಸುಮ್ನೆ ತಗೊಂಡರು, ಪುಕ್ಕಟೆ ಸರಿಮಾಡಿ ಕೊಟ್ಟರು. ಹಲಗೆಗೆ ಹಾಕಿದ ಖರ್ಚು ಆವತ್ತೇ ಹುಟ್ಟಿತು.

ಹೋಲಿಕೆಗೆ ಬರುತ್ತೇನೆ. ಎಫ್ 4ರಲ್ಲಿ, ಐಎಸ್ಒ 125ರಲ್ಲಿ, ರಾ (ಕ್ಯಾಮೆರಾ ತಿದ್ದದ ಮೂಲ) ಚಿತ್ರದ ನಡುಭಾಗ ಯಾವುದು ಯಾರದ್ದು ಅಂತ ನನಗೇ ಹೇಳಲು ಬರಲಿಲ್ಲ. ಇಲ್ಲಿಯವರೆಗೆ ಬಳಗದವರ ಮಾತು ಸರಿ. ಎಫ್ 8 ದಾಟಿದರೆ ಎರಡೂ ಮೆತ್ತಗಾಗುತ್ತವೆ, ಇಷ್ಟು ಸಣ್ಣ ಸೆನ್ಸರಿಗೆ ಅದು ತಪ್ಪಿದ್ದಲ್ಲ. ಹಾಗಾಗಿ ಉಂಚಳ್ಳಿ ಜಲಪಾತದಲ್ಲಿ ನೀರು ನೂಲಿನ ಹಾಗೆ ಬರಲಿ ಅಂತ ಎಫ್ 11ಕ್ಕೆ ಹೋಗಬೇಡಿ. ಎರಡರಲ್ಲೂ ಒಳಗೇ ಬೆಳಕು ತಗ್ಗಿಸುವ ಎನ್‌ಡಿ ಫಿಲ್ಟರ್ ಇದೆ, ಮೂರು ಸ್ಟಾಪ್ (ಬೆಳಕು ಎಂಟರಲ್ಲಿ ಒಂದು ಪಾಲು), ಅದನ್ನು ಬಳಸಿ. 24ರಲ್ಲಿ ಎಫ್ 1.8ಕ್ಕೆ ತೆರೆದಾಗ ಮೂಲೆಗಳಲ್ಲಿ ನನ್ನ ಸೋನಿ ಸ್ಪಷ್ಟವಾಗಿ ಮುಂದೆ. ನನ್ನ ಕ್ಯಾನನ್ ಎರಡು ಸಲ ಬಿಚ್ಚಿಸಿಕೊಂಡದ್ದು, ಅದಕ್ಕೆ ಈ ಒಂದು ಅಂಕದಲ್ಲಿ ಪೂರ್ತಿ ತೀರ್ಪು ಕೊಡಲಾರೆ. ಸುಮ್ನೆ ಕುತೂಹಲಕ್ಕೆ ಲೆನ್ಸ್ ತಿದ್ದುಪಡಿ ತೆಗೆದು ರಾ ತೆರೆದೆ. ಎರಡರಲ್ಲೂ ಹಲಗೆಯ ಅಂಚು ಬಿಲ್ಲಿನ ಹಾಗೆ ಬಾಗಿತ್ತು! ನೇರ ಮಾಡಲು ಮೂಲೆಯನ್ನು ಎಳೆಯುತ್ತಾರೆ, ಮೂಲೆ ಸೊರಗುವುದಕ್ಕೆ ಅದೂ ಒಂದು ಕಾರಣ.

ನಿಜವಾದ ವ್ಯತ್ಯಾಸ ಸಿಕ್ಕಿದ್ದು ಯಕ್ಷಗಾನದ ಬಯಲಿನಲ್ಲಿ. ಜನರ ನಡುವೆ ಕೂತರೆ ಮುಂದೆ ಹೋಗಲು ಆಗುವುದಿಲ್ಲ. ಕೇದಗೆ ಮುಂದಲೆ (ತಲೆಯ ಮುಂಡಾಸು) ಕಟ್ಟಿದ ವೇಷದ ಎದೆಯಿಂದ ಮೇಲೆ ಮಾತ್ರ ಬೇಕು ಅಂದರೆ ಕ್ಯಾನನ್‌ನಲ್ಲಿ 100ಕ್ಕೆ ಎಳೆದೆ, ಸೋನಿಯಲ್ಲಿ 70ರಲ್ಲಿ ತೆಗೆದು ಆಮೇಲೆ ಕತ್ತರಿಸಿದೆ. ಹಾಗೆ ಕತ್ತರಿಸಿದರೆ ಉಳಿಯುವುದು ಸುಮಾರು ಅರ್ಧ, 10 ಮೆಗಾಪಿಕ್ಸೆಲ್. ಎರಡೂ ಎಫ್ 2.8, ಐಎಸ್ಒ 3200. ಒಂದೇ ಅಳತೆಗೆ ಪ್ರಿಂಟ್ ಹಾಕಿದಾಗ ಸೋನಿಯದು ಹೆಚ್ಚುಕಮ್ಮಿ 6400ರಲ್ಲಿ ತೆಗೆದಷ್ಟು ನಾಯ್ಸ್. ಮುಂದಲೆಯ ಜರಿಪಟ್ಟಿ ಕ್ಯಾನನ್‌ನಲ್ಲಿ ಒಂದೊಂದಾಗಿ ಎಣಿಸಬಹುದಿತ್ತು. ಎರಡಕ್ಕೂ ಝೂಮ್ 70ಕ್ಕೇ ಇಟ್ಟು ಹೋಲಿಸಿದ್ದರೆ ಇದು ಎಂದೂ ಗೊತ್ತಾಗುತ್ತಿರಲಿಲ್ಲ.

ಅಲ್ಲೇ ಇನ್ನೊಂದು ಗೊಂದಲ. 1/250ರಲ್ಲಿ ಒಂದು ಚಿತ್ರ ಬೆಳ್ಳಗೆ, ಮುಂದಿನದು ಕಪ್ಪು. ಕ್ಯಾಮೆರಾ ಕೆಟ್ಟಿತು ಅಂದುಕೊಂಡೆ. ಕೆಟ್ಟದ್ದಲ್ಲ, ರಂಗಸ್ಥಳದ ಎಲ್‌ಇಡಿ ದೀಪ. ನಮ್ಮ ಕರೆಂಟಿಗೆ ಅದು ಸೆಕೆಂಡಿಗೆ 100 ಸಲ ಮಿನುಗುತ್ತದೆ. 1/100ಕ್ಕೆ ಇಳಿಸಿದೆ, ಸರಿಯಾಯಿತು. ಕುಣಿತ ಸ್ವಲ್ಪ ಅಲುಗುತ್ತದೆ, ವೇಷಧಾರಿ ನಿಂತು ಅರ್ಥ (ಮಾತು) ಹೇಳುವಾಗ ಕ್ಲಿಕ್ ಮಾಡಿದರಾಯಿತು.

ಕೊನೆಗೆ 8×12ರ 14 ಪ್ರಿಂಟ್ ಹಾಕಿಸಿದೆ, ಒಂದಕ್ಕೆ 70 ರೂಪಾಯಿ ಅಂತ ನೆನಪು. ಹಿಂದೆ ಪೆನ್ಸಿಲಿನಲ್ಲಿ ಗುರುತು, ಜಗಲಿಯಲ್ಲಿ ಜೋಡಿಯಾಗಿ ಇಟ್ಟು ಏಳು ಜನರಿಗೆ ತೋರಿಸಿದೆ. ಹಗಲಿನ ಚಿತ್ರಗಳಲ್ಲಿ ಆಯ್ಕೆ ಅತ್ತ ಇತ್ತ ಹಂಚಿಹೋಯಿತು. ಯಕ್ಷಗಾನದ ಮೂರು ಜೋಡಿಯಲ್ಲಿ ಆರು ಜನ ಕ್ಯಾನನ್ ಎತ್ತಿದರು, "ಎರಡೂ ಒಂದೇ" ಅಂದಿದ್ದ ಗೆಳೆಯನೂ ಸೇರಿ. ಆಯಿ (ಅಮ್ಮ) ಮಾತ್ರ ಸೋನಿಯ ಒಂದನ್ನು ಹಿಡಿದು, "ಇದ್ರಲ್ಲಿ ಮುಖ ಹಳದಿ ಕಾಣ್ತು" ಅಂತ ಪಕ್ಕಕ್ಕಿಟ್ಟಳು. ಅದು ಜೆಪೆಗ್‌ನ ವೈಟ್ ಬ್ಯಾಲೆನ್ಸ್ (ಬಣ್ಣದ ಹೊಂದಿಕೆ), ರಾದಲ್ಲಿ ತಿದ್ದಬಹುದು. ವೇಷದ ಕೆಂಪು ಹಾಳಾಗದೆ ಹಳದಿ ಮಾತ್ರ ಇಳಿಸುವ ನನ್ನ ಅಂಕಿ ಇಲ್ಲಿ ಬರೆಯುವುದಿಲ್ಲ, ಅದಕ್ಕೆ ಎರಡು ಸೀಸನ್ ಹಿಡಿದಿದೆ.

ಸೋನಿಯನ್ನು 24 ಸಾವಿರಕ್ಕೆ ಕೊಟ್ಟೆ, ತಗೊಂಡದ್ದು ಅದೇ ಗೆಳೆಯ. ಅವನದ್ದು ಯಾಣ, ಮಾಗೋಡು, ಬರೀ ನಿಸರ್ಗ. ಅವನಿಗೆ ಮೂಲೆ ಬೇಕು, ಝೂಮ್ ಬೇಡ. ಕಾರವಾರದ ಕಡಲತೀರದ ಬಿಸಿಲಿನಲ್ಲಿ ಅದರ ಪುಟಿದೇಳುವ ವ್ಯೂಫೈಂಡರ್ ಬಹಳ ಉಪಯೋಗ ಅಂತ ಹೇಳುತ್ತಿರುತ್ತಾನೆ. ಹೋದ ತಿಂಗಳು ಇನ್ನೊಂದು ಹಳೆಯ ಕ್ಯಾಮೆರಾ ನೋಡಿದ. ದುಡ್ಡು ಕೊಡುವ ಮೊದಲು ಮಾರುವವರನ್ನೂ ಕರೆದುಕೊಂಡು ನಮ್ಮ ಮನೆಗೆ ಬಂದ. ಹಲಗೆ ಇಳಿಸಿ ಹತ್ತು ನಿಮಿಷ ನೋಡಿದೆವು. ಬಲಗಡೆ ಕೆಳಗಿನ ಮೂರು ಹೋಳಿನ ಗೆರೆ ಇಲ್ಲವೇ ಇಲ್ಲ. ತಲೆಕೆಳಗೆ ಮಾಡಿದೆವು, ಮತ್ತೆ ಫೋಟೊದ ಅದೇ ಮೂಲೆ. ಮಾರುವವರು ತಾವೇ ನೋಡಿ, ಚಹಾ ಕುಡಿದು, ಕ್ಯಾಮೆರಾ ಚೀಲಕ್ಕೆ ಹಾಕಿಕೊಂಡು ಹೊರಟರು.