ದಿನಕ್ಕೆ 15 ನಿಮಿಷ ಏನೂ ಕಲಿಸಬೇಡಿ, ಸುಮ್ನೆ ಜೊತೆಗೆ ಕೂತ್ಕೊಳ್ಳಿ

ನನ್ನ ಮಗನಿಗೆ 9 ವರ್ಷ. ಬೌದ್ಧಿಕ ಅಂಗವೈಕಲ್ಯ ಇದೆ. ಮೊದಲೆಲ್ಲ ಅವನ ಪಕ್ಕ ಕೂತರೆ ಸಾಕು, ‘ಇದ್ಯಾವ ಬಣ್ಣ? ಇದೇನು ಹೇಳು’ ಅಂತ ಶುರು ಮಾಡುತ್ತಿದ್ದೆ. ಅವನು ಮುಖ ತಿರುಗಿಸುತ್ತಿದ್ದ. ಅಮ್ಮ ಅಂದರೆ ಪರೀಕ್ಷೆ ಅಂತಾಗಿಬಿಟ್ಟಿತ್ತು.

ಈಗ ಸಂಜೆ 15 ನಿಮಿಷ ಮೊಬೈಲ್ ಒಳಗಿಟ್ಟು ನೆಲದ ಮೇಲೆ ಕೂರುತ್ತೇನೆ. ನಮ್ಮ ದಾವಣಗೆರೆ ಮನೆಗಳಲ್ಲಿ ಮಂಡಕ್ಕಿ ಇದ್ದೇ ಇರುತ್ತದಲ್ವಾ? ಅಗಲ ಪಾತ್ರೆಗೆ ಸುರಿದು ಅವನ ಮುಂದೆ ಇಡುತ್ತೇನೆ. ಅವನು ಕೈಯಾಡಿಸಿದರೆ ನಾನೂ ಆಡಿಸುತ್ತೇನೆ. ಮುಷ್ಟಿ ತುಂಬಿ ಮೇಲಿಂದ ಬಿಟ್ಟರೆ ನಾನೂ ಹಾಗೇ. ಚೆಲ್ಲಿದ್ದನ್ನು ಆಮೇಲೆ ಗುಡಿಸಿದರಾಯಿತು.

‘ಖಾರ ಹಾಕಲಾ?’ ಅಂತ ಒಂದೇ ಮಾತು ಕೇಳಿ, ಮನಸ್ಸಿನಲ್ಲೇ 10ರವರೆಗೆ ಎಣಿಸುತ್ತೇನೆ. ಈ ಕಾಯುವುದೇ ಕಷ್ಟ. ನಮ್ಮ ಮಕ್ಕಳಿಗೆ ಕೇಳಿದ್ದು ಅರ್ಥವಾಗಿ ಉತ್ತರ ಕೊಡಲು ಜಾಸ್ತಿ ಹೊತ್ತು ಬೇಕು. ಅಷ್ಟರಲ್ಲೇ ನಾವು ಇನ್ನೊಂದು ಕೇಳಿಬಿಡುತ್ತೇವೆ. ಮೊನ್ನೆ 8ಕ್ಕೆ ಬಂದಿದ್ದೆ, ಅವನು ನನ್ನ ಕೈ ಹಿಡಿದು ಖಾರದ ಡಬ್ಬಿ ಮೇಲಿಟ್ಟ. ಅದೂ ಮಾತೇ ಅಲ್ವಾ! ಕಣ್ಣು ತುಂಬಿ ಬಂತು.

ಅಪ್ಪಂದಿರೂ ತಮ್ಮದೇ ಒಂದು ಹೊತ್ತು ಇಟ್ಟುಕೊಳ್ಳಿ, ದಯವಿಟ್ಟು. ಎಲ್ಲವನ್ನೂ ಅಮ್ಮನ ಮೇಲೆ ಬಿಡಬೇಡಿ. ಸುಸ್ತಾದ ದಿನ 5 ನಿಮಿಷವಾದರೂ ಸಾಕು, ತಪ್ಪಿಸಬೇಡಿ.

ಥೆರಪಿ ಖರ್ಚಿನ ಚಿಂತೆ ಇರುವವರು ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟ್‌ನ ನಿರಾಮಯ ಆರೋಗ್ಯ ವಿಮೆ ವಿಚಾರಿಸಿ. 1 ಲಕ್ಷ ರೂಪಾಯಿವರೆಗೆ ಇದೆ, ಥೆರಪಿಗೂ ಅದರಲ್ಲಿ ಪಾಲಿದೆ. ನಮ್ಮೂರಲ್ಲೇ ಸಿ.ಆರ್.ಸಿ. ಇದೆ, ಅಂದರೆ ಅಂಗವೈಕಲ್ಯ ಇರುವವರಿಗೆ ಥೆರಪಿ, ತರಬೇತಿ ಕೊಡುವ ಕೇಂದ್ರ ಸರ್ಕಾರದ ಕೇಂದ್ರ. ಮನೆಯಲ್ಲಿ ಮಗುವಿನ ಜೊತೆ ಏನೇನು ಮಾಡಬಹುದು ಅಂತ ಅಲ್ಲಿ ಸಂಕೋಚವಿಲ್ಲದೆ ಕೇಳಿ.